ಹೆಕ್ಕತ್ತಿನ ಕುರು ಮತ್ತು ಮೇಲ್ಮಹಡಿಯ ಡ್ರೆಸ್ಸಿಂಗ್ ಕೋಣೆ

ಆ ಕ್ಲಿನಿಕ್ಕಿಗೆ ಇಪ್ಪತ್ತೆರಡು ಮೆಟ್ಟಿಲು. ನನ್ನ ಸಲುವಾಗಿಯೇ ಹದಿಮೂರು ಸಲ ಹತ್ತಿ ಇಳಿದಿದ್ದೇನೆ, ಲೆಕ್ಕ ತಪ್ಪಲಾರದು. ಕೆಳಗೆ ಕಾಳುಮೆಣಸು ಕೊಳ್ಳುವ ವ್ಯಾಪಾರಿಯ ಗೋದಾಮು. ಮೆಟ್ಟಿಲು ಹತ್ತುವಾಗ ಮೂಗಿಗೆ ಮೆಣಸಿನ ಘಾಟು, ಮೇಲೆ ತಲುಪಿದ ಕೂಡಲೇ ಸ್ಪಿರಿಟ್ಟಿನ ವಾಸನೆ. ಡಾಕ್ಟರು ಹೆಂಗಸು, ಶಸ್ತ್ರಚಿಕಿತ್ಸೆಯಲ್ಲಿ ಓದಿದವರು, ವಾರಕ್ಕೆ ನಾಲ್ಕು ಸಂಜೆ ಕೂರುತ್ತಾರೆ. ಜೊತೆಗೆ ಒಬ್ಬ ಸಿಸ್ಟರ್. ಇಬ್ಬರೂ ತಮ್ಮ ಹೆಸರು ಬರೆಯುವುದು ಬೇಡವೆಂದು ಕೇಳಿಕೊಂಡಿದ್ದಾರೆ, ಬರೆಯುವುದಿಲ್ಲ. ದಕ್ಷಿಣ ಕೊಡಗಿನ ನಮ್ಮ ಪೇಟೆಯವರಿಗೆ ಮೆಣಸಿನ ಗೋದಾಮಿನ ಮೇಲಿನ ಕ್ಲಿನಿಕ್ ಎಂದರೆ ಸಾಕು. ಹೊರಗಿನವರು ಈ ವಿಮರ್ಶೆಯನ್ನು ಜಾಗದ ವಿಳಾಸಕ್ಕಾಗಿ ಓದದಿದ್ದರೂ ಚಿಂತೆಯಿಲ್ಲ. ಕುರು ಎದ್ದಾಗ ಎಂಥ ಜಾಗವನ್ನು ಹುಡುಕಿಕೊಂಡು ಹೋಗಬೇಕು ಎಂಬುದಕ್ಕಾಗಿ ಓದಲಿ.

ನಾನು ಅಮ್ಮತ್ತಿಗೂ ಸಿದ್ದಾಪುರಕ್ಕೂ ನಡುವಿನ ಒಂದು ಕಾಫಿ ತೋಟದಲ್ಲಿ ಇಪ್ಪತ್ತಾರು ವರ್ಷದಿಂದ ರೈಟರ್, ಅಂದರೆ ತೋಟದ ಗುಮಾಸ್ತನ ಕೆಲಸದಲ್ಲಿದ್ದೇನೆ. ಬೆಳಿಗ್ಗೆ ಏಳೂವರೆಗೆ ಆಳುಗಳ ಹಾಜರಿಯ ಚೆಕ್‌ರೋಲ್ ಹಿಡಿದು ನಿಂತರೆ ಸಂಜೆ ಐದರವರೆಗೆ ಕಾಲ ಮೇಲೆ. ಜುಲೈ ತಿಂಗಳ ಮಳೆಯಲ್ಲಿ ರೈನ್‌ಕೋಟ್ ಮೈಯಿಂದ ಇಳಿಯುವುದೇ ಇಲ್ಲ. ಹೊರಗೆ ಮಳೆಯ ನೀರು, ಒಳಗೆ ಬೆವರಿನ ನೀರು, ಕಾಲರಿನ ಗಟ್ಟಿ ಅಂಚು ಹೆಕ್ಕತ್ತಿಗೆ ಇಡೀ ದಿನ ಉಜ್ಜುತ್ತಲೇ ಇರುತ್ತದೆ. ಈ ವರ್ಷ ಜುಲೈ ಕೊನೆಯ ವಾರದಲ್ಲಿ ಕೂದಲಿನ ಗೆರೆಯ ಕೆಳಗೆ ಒಂದು ಗುಳ್ಳೆ ಎದ್ದಿತು. ಹೆಸರುಕಾಳಿನಷ್ಟು. ಅದಕ್ಕೆ ನಾಲ್ಕು ದಿನ ಮೊದಲು ಕ್ಷೌರದಂಗಡಿಯಲ್ಲಿ ಕತ್ತಿನ ಹಿಂದೆ ಬ್ಲೇಡು ಎಳೆಸಿಕೊಂಡಿದ್ದೆ. ಮೂರನೆಯ ದಿನಕ್ಕೆ ಗುಳ್ಳೆ ಅಡಿಕೆಯಷ್ಟಾಯಿತು. ತಲೆ ತಿರುಗಿಸಬೇಕೆಂದರೆ ಮೈಯನ್ನೇ ತಿರುಗಿಸಬೇಕು.

ಆಗ ನಾನು ಮಾಡಿದ್ದು ನಮ್ಮಲ್ಲಿ ಹತ್ತರಲ್ಲಿ ಒಂಬತ್ತು ಜನ ಮಾಡುವುದನ್ನೇ. ಔಷಧಿ ಅಂಗಡಿಗೆ ಹೋಗಿ ಕಾಲರ್ ಸರಿಸಿ ತೋರಿಸಿದೆ. ಕೌಂಟರಿನ ಹುಡುಗ ಎದ್ದು ಬಂದು ನೋಡಲೂ ಇಲ್ಲ, ಅಮಾಕ್ಸಿಸಿಲಿನ್ ಕ್ಯಾಪ್ಸೂಲು ಐದು ದಿನಕ್ಕೆ ಎಣಿಸಿ ಕೊಟ್ಟ, ಕಪ್ಪು ಮುಲಾಮಿನ ಒಂದು ಡಬ್ಬಿ ಕೊಟ್ಟ. ಚೀಟಿ ಕೇಳಲಿಲ್ಲ, ಸಕ್ಕರೆ ಕಾಯಿಲೆ ಇದೆಯೇ ಎಂದು ಕೇಳಲಿಲ್ಲ. ಆ ಅಂಗಡಿಯ ಹೆಸರು ಬರೆಯುವುದಿಲ್ಲ, ಏಕೆಂದರೆ ಇದು ಒಂದು ಅಂಗಡಿಯ ತಪ್ಪಲ್ಲ. ಆದರೆ ಆ ಐದು ದಿನ ನನಗೆ ಬಹಳ ದುಬಾರಿಯಾಯಿತು.

ಮನೆಯಲ್ಲೂ ಚಿಕಿತ್ಸೆ ನಡೆದೇ ಇತ್ತು. ಅತ್ತೆಯವರು ಅಕ್ಕಿಹಿಟ್ಟಿಗೆ ಅರಿಸಿನ ಹಾಕಿ ಬೇಯಿಸಿ, ಬಿಸಿಯಿರುವಾಗಲೇ ಬಟ್ಟೆಯಲ್ಲಿ ಕಟ್ಟಿ ಕೂರಿಸಿದರು. ಅದು ಹಿತವಾಗಿತ್ತು. ಆಮೇಲೆ ಯಾರೋ ಹೇಳಿದರೆಂದು ಸುಣ್ಣ ಬೆಲ್ಲ ಕಲಸಿ ಹಚ್ಚಿದರು. ಚರ್ಮ ಸುಟ್ಟು ಸುತ್ತಲೂ ಕೆಂಪಾಯಿತು. ಮುಂದೆ ಡಾಕ್ಟರನ್ನು ಕೇಳಿದಾಗ ಅವರು ಮನೆಮದ್ದನ್ನು ಒಟ್ಟಾಗಿ ಬೈಯಲಿಲ್ಲ, ಬಿಡಿಸಿ ಹೇಳಿದರು. ಶಾಖ ಒಳ್ಳೆಯದು. ಶುಭ್ರವಾದ ಬಟ್ಟೆಯನ್ನು ಕೈ ತಾಳುವಷ್ಟು ಬಿಸಿನೀರಿನಲ್ಲಿ ಅದ್ದಿ ಹಿಂಡಿ ಹತ್ತು ಹದಿನೈದು ನಿಮಿಷ ಇಟ್ಟರೆ, ದಿನಕ್ಕೆ ಮೂರು ನಾಲ್ಕು ಸಲ, ಸಣ್ಣ ಕುರು ತಾನಾಗಿಯೇ ಹಣ್ಣಾಗಿ ಒಡೆದು ಹೋಗುತ್ತದೆ. ಸುಣ್ಣ ಬೇಡ. ಹಿಸುಕುವುದಂತೂ ಬೇಡವೇ ಬೇಡ: ಹಿಸುಕಿದಾಗ ಕೀವು ಹೊರಗೆ ಬಂದಷ್ಟೇ ಒಳಗೂ ನುಗ್ಗುತ್ತದೆ. ಮೂಗಿನ ಮೇಲೆ, ಮೇಲ್ದುಟಿಯ ಮೇಲೆ ಎದ್ದದ್ದನ್ನು ಹಿಸುಕುವುದು ಎಲ್ಲಕ್ಕಿಂತ ಅಪಾಯ, ಅಲ್ಲಿನ ರಕ್ತನಾಳಗಳಿಗೆ ತಲೆಯ ಒಳಗಿನ ನಾಳಗಳ ಜೊತೆ ನೇರ ದಾರಿ ಇದೆ. ನಾನು ಆ ವಾರ ಕನ್ನಡಿಗೆ ಬೆನ್ನು ಹಾಕಿ ಎರಡು ಸಲ ಹಿಸುಕಿದ್ದೆ. ಅದನ್ನು ಹೇಳಿದಾಗ ಅವರು ಏನೂ ಅನ್ನಲಿಲ್ಲ, ಬರೆದುಕೊಂಡರು.

ಆಗಸ್ಟ್ 3 ಕಕ್ಕಡ ಹದಿನೆಂಟು, ಕೊಡಗಿನ ಕಕ್ಕಡ ತಿಂಗಳ ಹದಿನೆಂಟನೆಯ ದಿನ. ಮನೆಯಲ್ಲಿ ಮದ್ದುಸೊಪ್ಪಿನ ಪಾಯಸ. ಆ ದಿನ ಆ ಸೊಪ್ಪಿನಲ್ಲಿ ಹದಿನೆಂಟು ಬಗೆಯ ಮದ್ದು ಸೇರಿರುತ್ತದೆ ಎಂಬುದು ಕೊಡಗಿನ ನಂಬಿಕೆ. ಬೇಯಿಸಿದ ನೀರು ನೇರಳೆಯಾಗುತ್ತದೆ, ಮನೆಯೆಲ್ಲ ಅದರದೇ ಪರಿಮಳ. ಎರಡು ಬಟ್ಟಲು ತಿಂದೆ, ಮೇಲೆ ಜೇನುತುಪ್ಪ ಸುರಿದುಕೊಂಡು. ಆ ರಾತ್ರಿ ಚಳಿ ಹಿಡಿದು ಜ್ವರ ಬಂತು. ಹೆಕ್ಕತ್ತಿನಲ್ಲಿ ಎದೆಬಡಿತದ ಜೊತೆ ಜೊತೆಗೇ ಸಿಡಿಯುವ ನೋವು. ಮಗ್ಗುಲಾಗಲು ಆಗದೆ ಗೋಡೆಗೆ ಹಣೆ ಆನಿಸಿ ಕುಳಿತೇ ಬೆಳಗು ಮಾಡಿದೆ. ನನ್ನ ಹೆಂಡತಿ ಬೆಳಿಗ್ಗೆ ಟಾರ್ಚು ಹಾಕಿ ನೋಡಿ, "ಇನ್ನು ನಿಮ್ಮ ಮಾತು ಕೇಳುವುದಿಲ್ಲ" ಎಂದವಳೇ ಜೀಪಿನವನಿಗೆ ಫೋನು ಮಾಡಿದಳು.

ಕ್ಲಿನಿಕ್ಕಿನಲ್ಲಿ ಮೊದಲ ದಿನ ಎರಡು ಗಂಟೆ ಕಾದೆವು. ಡಾಕ್ಟರು ಬೇರೆ ಊರಿನ ಆಸ್ಪತ್ರೆಯಲ್ಲಿ ಆಪರೇಷನ್ ಮುಗಿಸಿ ಬರಬೇಕು, ಆನೆ ರಸ್ತೆಗೆ ಬಂದಿದ್ದರೆ ಇನ್ನೂ ತಡ. ಇದು ಈ ಜಾಗದ ಮೊದಲ ಕೊರತೆ, ಈಗಲೇ ಹೇಳಿಬಿಡುತ್ತೇನೆ. ಆದರೆ ನಮ್ಮನ್ನು ಬೆಂಚಿನ ಮೇಲೆ ಕೂರಿಸಿ ಮರೆತುಬಿಡಲಿಲ್ಲ. ಸಿಸ್ಟರ್ ಬಂದು ಜ್ವರ ನೋಡಿದರು, 101 ಡಿಗ್ರಿ. ರಕ್ತದೊತ್ತಡ ನೋಡಿದರು. ಬೆರಳು ಚುಚ್ಚಿ ಸಕ್ಕರೆ ನೋಡಿದರು. ಯಂತ್ರದಲ್ಲಿ 284 ಎಂದು ಬಂತು. ನನಗೆ ಸಕ್ಕರೆ ಕಾಯಿಲೆ ಇಲ್ಲ ಎಂದೆ. ಅವರು ಯಂತ್ರವನ್ನು ಬದಲಿಸಿ ಇನ್ನೊಂದು ಬೆರಳು ಚುಚ್ಚಿದರು, 279.

ಮೂತ್ರವನ್ನೂ ಕೇಳಿದರು. ಬಾಟಲಿಯಲ್ಲಿ ಹಿಡಿದು ಕೊಟ್ಟಾಗ ಅದು ಕೆಂಪಗಿತ್ತು. ನನ್ನ ಎದೆ ಧಸಕ್ಕೆಂದಿತು, ನೋವಿನಲ್ಲಿ ಎಲ್ಲವೂ ಮರೆತುಹೋಗಿತ್ತು. ಸಿಸ್ಟರ್ ಇರಿಟ್ಟಿ ಕಡೆಯವರು, ಮದುವೆಯಾಗಿ ವಿರಾಜಪೇಟೆಗೆ ಬಂದವರು. ಅವರ ಕನ್ನಡದಲ್ಲಿ ಮಲಯಾಳದ ಎಳೆತ ಇದೆ. ಬಾಟಲಿಯನ್ನು ಬೆಳಕಿಗೆ ಹಿಡಿದು ಕೇಳಿದರು, "ನಿನ್ನೆ ಮದ್ದು ಪಾಯಸವೋ ರೈಟರೇ?" ಹೌದಲ್ಲ! ಮದ್ದುಸೊಪ್ಪು ತಿಂದ ಮರುದಿನ ಮೂತ್ರ ಕೆಂಪಾಗುವುದು ಕೊಡಗಿನಲ್ಲಿ ಮಕ್ಕಳಿಗೂ ಗೊತ್ತು. ಸಕ್ಕರೆ ವಿಪರೀತವಾದಾಗ ಮೈಯಲ್ಲಿ ಕೂಡುವ ಕೀಟೋನನ್ನು ಮೂತ್ರದಲ್ಲಿ ನೋಡುವ ಪಟ್ಟಿಯ ಬಣ್ಣ ಈ ಕೆಂಪಿನಿಂದಾಗಿ ತಿಳಿಯಾಗಿ ಕಾಣುವುದಿಲ್ಲವೆಂದು ಆ ಪರೀಕ್ಷೆಯನ್ನು ರಕ್ತದಲ್ಲಿ ಮಾಡಿಸಿದರು, ಮರುದಿನ ಮೂತ್ರದಲ್ಲಿ ಮತ್ತೊಮ್ಮೆ ನೋಡಿದರು. ಊರನ್ನು ಬಲ್ಲ ಆಸ್ಪತ್ರೆಯೆಂದರೆ ಇದು ಎಂದು ನನಗೆ ಆಗಲೇ ಅನಿಸಿತು.

ಡಾಕ್ಟರು ಬಂದವರು ಮೊದಲು ಕೈ ತೊಳೆದರು, ಆಮೇಲೆ ನನ್ನನ್ನು ಕುರ್ಚಿಯಲ್ಲಿ ಹಿಂದುಮುಂದಾಗಿ ಕೂರಿಸಿದರು. ಎರಡು ಬೆರಳಿಟ್ಟು ಒಂದನ್ನು ಒತ್ತಿ ಇನ್ನೊಂದರಲ್ಲಿ ಆಲಿಸಿದಂತೆ ನೋಡಿದರು. ಗಟ್ಟಿಯಾಗಿದ್ದರೆ ಇನ್ನೂ ಹಣ್ಣಾಗಿಲ್ಲ; ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ನೀರಾಡಿದಂತೆ ತೇಲಿದರೆ ಒಳಗೆ ಕೀವು ಕೂಡಿದೆ ಎಂದರ್ಥ. ನನ್ನದು ತೇಲುತ್ತಿತ್ತು. ಅಡ್ಡಳತೆ ನಾಲ್ಕು ಸೆಂಟಿಮೀಟರ್. ಕೆಂಪು ಹರಡಿದ ಅಂಚಿನ ಸುತ್ತ ಪೆನ್ನಿನಲ್ಲಿ ಗೆರೆ ಎಳೆದರು, ನಾಳೆ ಕೆಂಪು ಈ ಗೆರೆ ದಾಟಿದರೆ ಮಡಿಕೇರಿಗೆ ಕಳಿಸುತ್ತೇನೆ ಎಂದರು.

ಕ್ಯಾಪ್ಸೂಲಿನ ಪಟ್ಟಿಯನ್ನು ತೋರಿಸಿ, ಐದು ದಿನ ನುಂಗಿದರೂ ಏಕೆ ಕಡಿಮೆಯಾಗಲಿಲ್ಲ ಎಂದು ಕೇಳಿದೆ. ಅವರಿಗೆ ಹೊರಗೆ ಇನ್ನೂ ಹದಿನಾಲ್ಕು ಜನ ಕಾಯುತ್ತಿದ್ದರು. ಆದರೂ ಕೂತು ಹೇಳಿದರು. ಕೀವೆಂದರೆ ಹೋರಾಡಿ ಸತ್ತ ಬಿಳಿ ರಕ್ತಕಣಗಳು, ಬ್ಯಾಕ್ಟೀರಿಯಾ, ಕರಗಿದ ಮಾಂಸ. ಅದು ಬೇರೆಡೆಗೆ ಹರಡದಿರಲೆಂದು ದೇಹವೇ ಅದರ ಸುತ್ತ ಗೋಡೆ ಕಟ್ಟುತ್ತದೆ. ಗೋಡೆಯ ಒಳಗೆ ರಕ್ತದ ಓಡಾಟವಿಲ್ಲ. ನುಂಗಿದ ಮದ್ದು ರಕ್ತದ ದಾರಿಯಲ್ಲೇ ಬರಬೇಕಲ್ಲವೇ, ಗೋಡೆಯ ಹೊರಗೇ ನಿಂತುಬಿಡುತ್ತದೆ. ಆದ್ದರಿಂದ ಕೀವು ಕೂಡಿದ ಮೇಲೆ ಮೊದಲ ಮದ್ದು ಕೊಯ್ದು ಹೊರಗೆ ಬಿಡುವುದೇ. ಮಾತ್ರೆ ಅದಕ್ಕೆ ಜೊತೆ. ಜೊತೆಗೆ ಇನ್ನೊಂದು ಮಾತು: ಇಂಥ ಕುರುಗಳಿಗೆ ಬಹುತೇಕ ಕಾರಣವಾಗುವ ಸ್ಟ್ಯಾಫಿಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾದ ಬಹುಪಾಲು ತಳಿಗಳು ಪೆನಿಸಿಲಿನ್ನನ್ನೇ ಮುರಿಯುವ ಕಿಣ್ವವನ್ನು ತಯಾರಿಸುತ್ತವೆ. ಅಮಾಕ್ಸಿಸಿಲಿನ್ ಕೂಡ ಪೆನಿಸಿಲಿನ್ ಜಾತಿಯದೇ, ಅದೊಂದೇ ಅವುಗಳ ಮುಂದೆ ನಿಲ್ಲುವುದಿಲ್ಲ. ನಾನು ಐದು ದಿನ ನುಂಗಿದ್ದು ಗೋಡೆ ದಾಟದ ಮದ್ದು, ದಾಟಿದ್ದರೂ ಕೆಲಸ ಮಾಡದ ಮದ್ದು.

ಕೊಯ್ದದ್ದರ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಎಲ್ಲ ಸೇರಿ ಇಪ್ಪತ್ತು ನಿಮಿಷದ ಕೆಲಸ. ಒಂದನ್ನು ಮಾತ್ರ ಹೇಳಬೇಕು. ನೋವಾಗುವುದಿಲ್ಲ ಎಂದು ಅವರು ಸುಳ್ಳು ಹೇಳಲಿಲ್ಲ. ಕೀವಿರುವ ಜಾಗ ಆಮ್ಲವಾಗಿರುತ್ತದೆ, ಮರಗಟ್ಟಿಸುವ ಇಂಜೆಕ್ಷನ್ ಅಲ್ಲಿ ಪೂರ್ತಿ ಹಿಡಿಯುವುದಿಲ್ಲ, ಸುತ್ತಲೂ ಕೊಟ್ಟು ಐದು ನಿಮಿಷ ಕಾಯುತ್ತೇನೆ, ಆದರೂ ಒಳಗೆ ತೊಳೆಯುವಾಗ ಒಂದು ನಿಮಿಷ ತಡೆದುಕೊಳ್ಳಬೇಕಾಗುತ್ತದೆ ಎಂದರು. ಅಷ್ಟೇ ಆಯಿತು, ಅಷ್ಟೇ ಹೊತ್ತು ಆಯಿತು. ಮೊದಲೇ ಗೊತ್ತಿದ್ದ ನೋವನ್ನು ಮನುಷ್ಯ ತಡೆದುಕೊಳ್ಳಬಲ್ಲ. ಕೊಯ್ದ ಮರುಕ್ಷಣ ಹೆಕ್ಕತ್ತಿನ ಮೇಲಿಂದ ಕಲ್ಲು ಇಳಿಸಿದಂತಾಯಿತು. ಹತ್ತು ದಿನದಲ್ಲಿ ಮೊದಲ ಬಾರಿಗೆ ಭುಜ ಸಡಿಲಿಸಿದೆ. ಕೀವನ್ನು ಒಂದು ಕಡ್ಡಿಯಲ್ಲಿ ತೆಗೆದು, ಯಾವ ಬ್ಯಾಕ್ಟೀರಿಯಾ ಎಂದು ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆಗೆ ಮೈಸೂರಿಗೆ ಕಳಿಸಿದರು.

ಈ ಕ್ಲಿನಿಕ್ಕಿನ ನಿಜವಾದ ಹೆಚ್ಚುಗಾರಿಕೆ ಇರುವುದು ಆಮೇಲಿನ ಡ್ರೆಸ್ಸಿಂಗಿನಲ್ಲಿ. ಕೊಯ್ಯುವ ಡಾಕ್ಟರು ಬೇರೆಡೆಯೂ ಸಿಗುತ್ತಾರೆ. ಕೊಯ್ದ ಗಾಯವನ್ನು ನಾಲ್ಕು ವಾರ ಮಗುವಿನಂತೆ ನೋಡಿಕೊಳ್ಳುವವರು ಸಿಗುವುದಿಲ್ಲ.

ಆ ಕೋಣೆ ಆರಡಿ ಅಗಲ ಇರಬಹುದು. ಕಿಟಕಿಗೆ ಹಸಿರು ಪರದೆ, ಎತ್ತರದ ಒಂದು ಮೇಜು, ಸ್ಟೀಲಿನ ತಟ್ಟೆ. ನಾನು ಮೇಜಿನ ಮೇಲೆ ಬೋರಲು ಮಲಗಬೇಕು, ಮುಖ ಒಂದು ತೂತಿರುವ ದಿಂಬಿನಲ್ಲಿ. ಕಣ್ಣಿಗೆ ಕಾಣುವುದು ನೆಲದ ಕೆಂಪು ಗಾರೆ ಮತ್ತು ಸಿಸ್ಟರ್ ಚಪ್ಪಲಿ ಮಾತ್ರ. ಮೊದಲು ಅಂಟುಪಟ್ಟಿಯನ್ನು ಸಲೈನಿನಲ್ಲಿ ನೆನೆಸಿ, ಕೂದಲು ಎಳೆಯದ ಹಾಗೆ ಮೂಲೆಯಿಂದ ಬಿಡಿಸುತ್ತಾರೆ. ಆಮೇಲೆ ಗಾಯದೊಳಗಿನ ಬತ್ತಿ. ಗಾಜ್ ಬಟ್ಟೆಯ ಉದ್ದನೆಯ ಪಟ್ಟಿ ಅದು, ದೀಪದ ಬತ್ತಿಯಂತೆ ಮಡಚಿ ಒಳಗೆ ಸಡಿಲವಾಗಿ ಇಟ್ಟಿರುತ್ತಾರೆ, ಒಂದು ತುದಿ ಹೊರಗೆ ಬಿಟ್ಟು. ಅದನ್ನು ಎಳೆಯುವಾಗ ಹೆಕ್ಕತ್ತಿನಿಂದ ನೆತ್ತಿಯವರೆಗೆ ಒಂದು ಸೆಳೆತ. "ಉಸಿರು ಬಿಡಿ" ಎನ್ನುತ್ತಾರೆ. ಬಿಡುವಷ್ಟರಲ್ಲಿ ಬತ್ತಿ ತಟ್ಟೆಯಲ್ಲಿರುತ್ತದೆ. ಮೊದಲ ದಿನ ಅದು ಹಳದಿ ಹಸಿರು, ವಾಸನೆ ನನಗೇ ತಡೆಯಲಾಗಲಿಲ್ಲ. ಮೂರನೆಯ ದಿನ ತಿಳಿ ಹಳದಿ. ಐದನೆಯ ದಿನ ತುದಿಗೆ ಮಾತ್ರ ಒಂದಿಷ್ಟು ಕಲೆ, ಉಳಿದದ್ದು ಬರೀ ಒದ್ದೆ. ಬತ್ತಿಯ ಕೆಲಸ ಗಾಯದ ಬಾಯಿ ತೆರೆದಿಡುವುದು. ಬಾಯಿ ಮೊದಲು ಮುಚ್ಚಿಕೊಂಡು ಒಳಗೆ ಟೊಳ್ಳು ಉಳಿದರೆ ಅಲ್ಲೇ ಮತ್ತೆ ಕೀವು ಕೂಡುತ್ತದೆ, ಗಾಯ ತಳದಿಂದ ಮೇಲಕ್ಕೆ ತುಂಬಿಕೊಂಡು ಬರಬೇಕು. ಎಲ್ಲರಿಗೂ ಬತ್ತಿ ಬೇಕಿಲ್ಲವಂತೆ, ಸಣ್ಣ ಗಾಯಕ್ಕೆ ಬರೀ ಮೇಲಿನ ಪಟ್ಟಿ ಸಾಕು. ನನ್ನದಕ್ಕೂ ಏಳನೆಯ ದಿನಕ್ಕೆ ಬತ್ತಿ ನಿಲ್ಲಿಸಿದರು.

ಬೆನ್ನ ಹಿಂದಿನ ಗಾಯ ನಮಗೆ ಕಾಣುವುದಿಲ್ಲ. ಕಾಣದ ಗಾಯದ ಬಗ್ಗೆ ಮನಸ್ಸು ಸಲ್ಲದ್ದನ್ನೆಲ್ಲ ಕಲ್ಪಿಸಿಕೊಳ್ಳುತ್ತದೆ. ಇದನ್ನು ಅರಿತೋ ಏನೋ, ಸಿಸ್ಟರ್ ಎರಡನೆಯ ದಿನವೇ ನನ್ನ ಮೊಬೈಲ್ ಕೇಳಿ ಪಡೆದು ಗಾಯದ ಚಿತ್ರ ತೆಗೆದು ತೋರಿಸಿದರು. ಪಕ್ಕದಲ್ಲಿ ಕಾಗದದ ಒಂದು ಅಳತೆಪಟ್ಟಿ ಇಟ್ಟು. ಆಮೇಲೆ ಪ್ರತಿ ಸಲವೂ. ನನ್ನ ಮೊಬೈಲಿನಲ್ಲಿ ಈಗ ಹನ್ನೆರಡು ಚಿತ್ರಗಳಿವೆ. ಮೊದಲನೆಯದರಲ್ಲಿ ಕಪ್ಪಗೆ ಕಾಣುವ ಗುಳಿ, ಅಂಚು ಬೂದು ಬಿಳಿ. ನಾಲ್ಕನೆಯದರಲ್ಲಿ ಗುಳಿಯ ತಳದಲ್ಲಿ ಸಣ್ಣ ಸಣ್ಣ ಕೆಂಪು ಹರಳು, ಬಿಡಿಸಿದ ದಾಳಿಂಬೆಯಂತೆ ಒದ್ದೆಯಾಗಿ ಹೊಳೆಯುತ್ತವೆ. ನಾನು ಹೆದರಿದೆ, ರಕ್ತ ಬರುತ್ತಿದೆಯೇ ಎಂದೆ. "ಇದೇ ಬರಬೇಕಾದದ್ದು. ಹೊಸ ಮಾಂಸ. ಇದು ಕಂಡರೆ ನಮಗೆ ಹಬ್ಬ" ಎಂದರು ಸಿಸ್ಟರ್. ಎಂಟನೆಯ ಚಿತ್ರದಲ್ಲಿ ಹರಳುಗಳು ಚರ್ಮದ ಮಟ್ಟಕ್ಕೆ ಬಂದಿವೆ, ಅಂಚಿನಿಂದ ತೆಳು ಗುಲಾಬಿ ಚರ್ಮ ಒಳಕ್ಕೆ ತೆವಳುತ್ತಿದೆ. ಕೊನೆಯದರಲ್ಲಿ ಒಂದು ಬೆರಳುಗುರಿನಷ್ಟು ಹೊಳಪು ಬಿಟ್ಟರೆ ಬೇರೇನೂ ಇಲ್ಲ. ಈ ಹನ್ನೆರಡು ಚಿತ್ರಗಳನ್ನು ನಾನು ಅಳಿಸುವುದಿಲ್ಲ.

ಮೈಸೂರಿನ ಫಲಿತಾಂಶ ನಾಲ್ಕನೆಯ ದಿನ ಬಂತು. ಸ್ಟ್ಯಾಫಿಲೊಕಾಕಸ್ ಆರಿಯಸ್ಸೇ, ಆದರೆ ಹೆಚ್ಚು ಮದ್ದುಗಳಿಗೆ ಬಗ್ಗದ ಎಂಆರ್‌ಎಸ್‌ಎ ತಳಿಯಲ್ಲ. ಮೊದಲ ದಿನ ಶುರು ಮಾಡಿದ್ದ ಮಾತ್ರೆಯನ್ನೇ ಏಳು ದಿನ ಪೂರೈಸಿ ನಿಲ್ಲಿಸಿದರು. ನನ್ನ ಮಗಳು ಮಂಗಳೂರಿನಲ್ಲಿ ಸೂಕ್ಷ್ಮಜೀವಿ ವಿಜ್ಞಾನ ಓದುತ್ತಾಳೆ. ವರದಿಯ ಚಿತ್ರ ಕಳಿಸಿದ್ದಕ್ಕೆ ಆ ರಾತ್ರಿ ಒಂದು ಗಂಟೆ ಫೋನಿನಲ್ಲಿ ಪಾಠ ಮಾಡಿದಳು. "ಅಪ್ಪಾ, ಸೂಕ್ಷ್ಮದರ್ಶಕದಲ್ಲಿ ನೋಡಿದರೆ ದ್ರಾಕ್ಷಿ ಗೊಂಚಲಿನ ಹಾಗಿರುತ್ತದೆ, ಅದಕ್ಕೇ ಸ್ಟ್ಯಾಫಿಲೊ ಎಂಬ ಹೆಸರು" ಎಂದಳು. ಆ ಹೆಸರಿಟ್ಟವರು ಸ್ಕಾಟ್‌ಲೆಂಡಿನ ಅಬರ್ಡೀನಿನ ಶಸ್ತ್ರವೈದ್ಯ ಅಲೆಕ್ಸಾಂಡರ್ ಆಗ್‌ಸ್ಟನ್, 1882ರಲ್ಲಿ. ಅದಕ್ಕೆ ಎರಡು ವರ್ಷ ಮೊದಲು ಅವರು ಕುರುಗಳ ಕೀವನ್ನು ಸೂಕ್ಷ್ಮದರ್ಶಕದಲ್ಲಿಟ್ಟು ಈ ಗೊಂಚಲುಗಳನ್ನು ಕಂಡಿದ್ದರು. ಬೆಳೆಸಿದರೆ ಚಿನ್ನದ ಬಣ್ಣ ಬರುವುದರಿಂದ ಆರಿಯಸ್. ಫ್ಲೆಮಿಂಗ್ 1928ರಲ್ಲಿ ಪೆನಿಸಿಲಿನ್ ಕಂಡುಹಿಡಿದಾಗ ತಟ್ಟೆಯಲ್ಲಿ ಬೆಳೆಸಿದ್ದೂ ಸ್ಟ್ಯಾಫಿಲೊಕಾಕಸ್ಸನ್ನೇ. ಆ ದಿನ ತಟ್ಟೆಯಲ್ಲಿ ಸೋತದ್ದು ಕೆಲವೇ ವರ್ಷಗಳಲ್ಲಿ ಪೆನಿಸಿಲಿನ್ನನ್ನು ಮುರಿಯಲು ಕಲಿತುಬಿಟ್ಟಿತು ಎಂದು ಅವಳು ಹೇಳಿದಾಗ, ಕೌಂಟರಿನಲ್ಲಿ ಎಣಿಸಿ ಕೊಟ್ಟ ನನ್ನ ಕ್ಯಾಪ್ಸೂಲುಗಳು ಕಣ್ಣ ಮುಂದೆ ಬಂದವು.

ಡಾಕ್ಟರು ಹೆಚ್ಚು ಮಾತಿನವರಲ್ಲ. ಆದರೆ ಮೂರನೆಯ ಭೇಟಿಯಲ್ಲಿ ಅವರು ಕೇಳಿದ ಒಂದು ಪ್ರಶ್ನೆಗಾಗಿಯೇ ನಾನು ಈ ವಿಮರ್ಶೆ ಬರೆಯುತ್ತಿದ್ದೇನೆ: "ಇದು ಏಕೆ ಬಂತು?" ಬೇರೆ ಯಾರೂ ಅದನ್ನು ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ. ಮಾವಿನ ಹಣ್ಣು ತಿಂದದ್ದು, ಮೈಗೆ ಉಷ್ಣವಾದದ್ದು ಎಂದೆ. ಅವರು ತಲೆಯಾಡಿಸಿ, ಈ ವರ್ಷ ಮೊದಲೆಲ್ಲಾದರೂ ಎದ್ದಿತ್ತೇ ಎಂದರು. ಎದ್ದಿತ್ತು. ಫೆಬ್ರವರಿಯಲ್ಲಿ ಕಂಕುಳಲ್ಲಿ, ಮೇ ತಿಂಗಳಲ್ಲಿ ತೊಡೆಯಲ್ಲಿ. ತಾನಾಗಿ ಒಡೆದು ಹೋಗಿದ್ದವು, ಮರೆತಿದ್ದೆ. ಮನೆಯಲ್ಲಿ ಬೇರೆ ಯಾರಿಗಾದರೂ? ಅತ್ತೆಯವರಿಗೆ ಜೂನಿನಲ್ಲಿ. ಟವೆಲ್ ಎಷ್ಟಿವೆ?

ಈ ಕೊನೆಯ ಪ್ರಶ್ನೆಗೆ ನನ್ನ ಹೆಂಡತಿ ಉತ್ತರ ಕೊಟ್ಟಳು, ಕೊಡುವಾಗಲೇ ಅವಳಿಗೆ ಅರ್ಥವಾಯಿತು. ಮಳೆಗಾಲದಲ್ಲಿ ನಮ್ಮಲ್ಲಿ ಬಟ್ಟೆ ಒಣಗುವುದಿಲ್ಲ. ಬಚ್ಚಲು ಮನೆಯ ಹಂಡೆಯ ಒಲೆಯ ಮೇಲೆ ಹಗ್ಗ ಕಟ್ಟಿ, ಇದ್ದಬದ್ದದ್ದನ್ನೆಲ್ಲ ಹೊಗೆಗೆ ಹರವುತ್ತೇವೆ. ಟವೆಲು ಅರ್ಧ ಒಣಗಿದ್ದು ಯಾವುದು ಸಿಕ್ಕಿತೋ ಅದು. ನಾಲ್ಕು ಜನ, ಎರಡು ಟವೆಲು, ಜೂನಿನಿಂದ ಸೆಪ್ಟೆಂಬರ್‌ವರೆಗೆ ಯಾವತ್ತೂ ಪೂರ್ತಿ ಒಣಗದವು. ಈ ಬ್ಯಾಕ್ಟೀರಿಯಾ ಸುಮಾರು ಮೂವರಲ್ಲಿ ಒಬ್ಬರ ಮೂಗಿನಲ್ಲಿ ಏನೂ ತೊಂದರೆ ಮಾಡದೆ ವಾಸವಾಗಿರುತ್ತದೆ. ಅಲ್ಲಿಂದ ಕೈಗೆ, ಕೈಯಿಂದ ಟವೆಲಿಗೆ, ಟವೆಲಿನಿಂದ ಇನ್ನೊಬ್ಬರ ಮೈಗೆ. ಚರ್ಮದಲ್ಲಿ ಬ್ಲೇಡಿನ ಗೀರೋ, ಜಿಗಣೆ ಕಚ್ಚಿದ ತೂತೋ, ಕಾಲರು ಉಜ್ಜಿದ ಜಾಗವೋ ಸಿಕ್ಕರೆ ಕೂದಲಿನ ಬುಡಕ್ಕೆ ಇಳಿಯುತ್ತದೆ. ತೋಟದ ಕೆಲಸದವರ ಮೈಯಲ್ಲಿ ಮಳೆಗಾಲದಲ್ಲಿ ಅಂಥ ಬಾಗಿಲಿಗೆ ಬರವೇ?

ಜೊತೆಗೆ ಸಕ್ಕರೆ. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ 9.4 ಬಂತು, 6.5 ಮುಟ್ಟಿದರೆ ಸಕ್ಕರೆ ಕಾಯಿಲೆ. ರಕ್ತದಲ್ಲಿ ಸಕ್ಕರೆ ಏರಿದಾಗ ಬಿಳಿ ಕಣಗಳು ಮಂಕಾಗುತ್ತವೆ, ಹೋರಾಡುವುದಿಲ್ಲ. ಮತ್ತೆ ಮತ್ತೆ ಕುರು ಏಳುವುದೇ ಎಷ್ಟೋ ಜನರಿಗೆ ಸಕ್ಕರೆ ಕಾಯಿಲೆಯ ಮೊದಲ ಸುದ್ದಿ. ನನಗೆ ಅದು ಮೂರು ಸಲ ಸುದ್ದಿ ಕಳಿಸಿತ್ತು. ಇನ್ನೆರಡು ದಿನ ಬಿಟ್ಟಿದ್ದರೆ ಒಂದು ಕುರು ಪಕ್ಕದ ಕೂದಲ ಬುಡಗಳಿಗೂ ಹಬ್ಬಿ, ಹಲವು ಬಾಯಿಗಳಿಂದ ಕೀವು ಸುರಿಯುವ ಕಾರ್ಬಂಕಲ್ ಆಗುತ್ತಿತ್ತು ಎಂದರು. ಹಳಬರು ಬೆನ್ನುಫಣಿ ಎಂದು ಕರೆಯುತ್ತಿದ್ದದ್ದು ಇದನ್ನೇ. ಹೈದರಾಲಿ 1782ರ ಡಿಸೆಂಬರ್‌ನಲ್ಲಿ ಚಿತ್ತೂರಿನ ಬಳಿಯ ಪಾಳೆಯದಲ್ಲಿ ಸತ್ತದ್ದು ಬೆನ್ನ ಮೇಲಿನ ಇಂಥ ಹುಣ್ಣಿನಿಂದ ಎಂದು ಶಾಲೆಯಲ್ಲಿ ಓದಿದ್ದು ನೆನಪಾಯಿತು. ಇಷ್ಟು ದೊಡ್ಡ ಸೈನ್ಯವಿದ್ದವನಿಗೆ ಒಂದು ಹುಣ್ಣೇ ಎಂದು ಆಗ ಅಚ್ಚರಿಪಟ್ಟಿದ್ದೆ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಬೇಕಾಗುವವರೆಗೆ ಬಿಡುವುದೆಂದರೆ ಏನೆಂದು ಈಗ ಗೊತ್ತಾಗಿದೆ.

ಮನೆಗೆ ಒಂದು ಚೀಟಿ ಬರೆದುಕೊಟ್ಟರು, ಕನ್ನಡದಲ್ಲಿ, ಸ್ಫುಟವಾದ ಅಕ್ಷರದಲ್ಲಿ. ತಲಾ ಎರಡು ಟವೆಲು, ಯಾರದು ಯಾರೂ ಮುಟ್ಟಬಾರದು. ಹೆಂಡತಿ ಅಂಚಿಗೆ ಒಬ್ಬೊಬ್ಬರಿಗೆ ಒಂದೊಂದು ಬಣ್ಣದ ದಾರ ಹೊಲಿದಳು, ನನ್ನದು ನೀಲಿ. ಟವೆಲು, ದಿಂಬಿನ ಚೀಲ, ಒಳ ಉಡುಪುಗಳನ್ನು ಹಂಡೆಯ ಕುದಿನೀರಿನಲ್ಲಿ ಅದ್ದಿ ಒಗೆದು, ಒಣಗದಿದ್ದರೆ ಇಸ್ತ್ರಿ ಹಾಕಿ ಒಣಗಿಸುವುದು. ಮೂಗಿನೊಳಗೆ ಮ್ಯುಪಿರೋಸಿನ್ ಮುಲಾಮು ದಿನಕ್ಕೆ ಎರಡು ಸಲ ಐದು ದಿನ, ನನಗೂ ಅತ್ತೆಯವರಿಗೂ. ಮೈಗೆ ಕ್ಲೋರ್‌ಹೆಕ್ಸಿಡಿನ್ ದ್ರಾವಣ. ಕತ್ತಿಗೆ ಬ್ಲೇಡು ಬೇಡ. ಮತ್ತೆ ಮತ್ತೆ ಏಳುವವರಿಗೆ ಮಾತ್ರ ಈ ಮೂಗಿನ ಮುಲಾಮು, ಒಂದು ಸಲ ಕುರು ಎದ್ದವರೆಲ್ಲ ಹಚ್ಚಿಕೊಳ್ಳುವುದಲ್ಲ ಎಂದು ಚೀಟಿಯ ಕೊನೆಯಲ್ಲಿ ಅಡಿಗೆರೆ ಹಾಕಿ ಬರೆದಿದ್ದರು. ಕಾಯುವ ಕೋಣೆಯ ಗೋಡೆಯ ಮೇಲೂ ಒಂದು ಕಾಗದ ಅಂಟಿಸಿದ್ದಾರೆ, ಅದನ್ನು ಎಲ್ಲರೂ ಓದಬೇಕು: ಜ್ವರ ಬಂದರೆ, ಕುರುವಿನಿಂದ ಕೆಂಪು ಗೆರೆ ಹೊರಟರೆ, ಕೆಂಪು ವೇಗವಾಗಿ ಹರಡಿದರೆ, ಮುಖದ ಮೇಲೆ ಅಥವಾ ಬೆನ್ನುಮೂಳೆಯ ಮೇಲೆ ಎದ್ದರೆ, ಸಕ್ಕರೆ ಕಾಯಿಲೆ ಇದ್ದರೆ, ಹಸುಗೂಸಿಗೆ ಎದ್ದರೆ ಮನೆಯಲ್ಲಿ ಕಾಯಬೇಡಿ.

ಖರ್ಚು. ಡಾಕ್ಟರ ಶುಲ್ಕ 200, ಕೊಯ್ದದ್ದಕ್ಕೆ 1,800, ಕಲ್ಚರಿಗೆ 700, ಡ್ರೆಸ್ಸಿಂಗ್ ಒಂದಕ್ಕೆ 120ರಂತೆ ಹನ್ನೆರಡಕ್ಕೆ 1,440. ಒಟ್ಟು 4,140 ರೂಪಾಯಿ, ಸಕ್ಕರೆಯ ಪರೀಕ್ಷೆ ಮತ್ತು ಔಷಧಿ ಬೇರೆ. ನನ್ನಂಥವನಿಗೆ ಕಡಿಮೆ ಹಣವಲ್ಲ. ಆದರೆ ಕೊಯ್ಯುವ ಮೊದಲೇ ಇಷ್ಟಾಗುತ್ತದೆ ಎಂದು ಕಾಗದದಲ್ಲಿ ಬರೆದು ತೋರಿಸಿದ್ದರು, ಕೊನೆಗೆ ಒಂದು ರೂಪಾಯಿ ಹೆಚ್ಚಾಗಲಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಇದೇ ಕೆಲಸ ಬಹಳ ಕಡಿಮೆಯಲ್ಲಿ ಆಗುತ್ತದೆ ಎಂಬುದನ್ನೂ ಡಾಕ್ಟರೇ ಹೇಳಿದರು.

ಕೊರತೆಗಳು ಇವೆ. ಮೆಟ್ಟಿಲಿಗೆ ಹಿಡಿಕಂಬಿ ಒಂದೇ ಕಡೆ, ಕಾಲಲ್ಲಿ ಕುರು ಎದ್ದವರು ಹೇಗೆ ಹತ್ತಬೇಕು? ಡ್ರೆಸ್ಸಿಂಗ್ ಕೋಣೆಗೆ ಬಾಗಿಲಿಲ್ಲ, ಪರದೆ ಮಾತ್ರ. ಒಳಗಿನವರ ನರಳಾಟ ಹೊರಗೆ ಕುಳಿತವರಿಗೆಲ್ಲ ಕೇಳುತ್ತದೆ, ಹೆಂಗಸರಿಗೆ ಇದು ಬಹಳ ಸಂಕೋಚ. ಬಾಗಿಲು ಹಾಕಿಸಲೇಬೇಕು. ಜೋರು ಮಳೆಯ ದಿನ ನೆಟ್‌ವರ್ಕ್ ಇರುವುದಿಲ್ಲ, ಮೊಬೈಲಿನಲ್ಲಿ ಹಣ ಕಟ್ಟಲಾಗುವುದಿಲ್ಲ, ನೋಟು ಇಟ್ಟುಕೊಂಡು ಹೋಗಿ. ಡಾಕ್ಟರು ಇಲ್ಲದ ಮೂರು ದಿನಗಳಲ್ಲಿ ಸಿಸ್ಟರ್ ಬೆಳಿಗ್ಗೆ ಡ್ರೆಸ್ಸಿಂಗ್ ಮಾತ್ರ ಮಾಡುತ್ತಾರೆ. ಹೊಸ ಕುರು ತೋರಿಸಲು ಆ ದಿನ ಹೋಗಿ ಪ್ರಯೋಜನವಿಲ್ಲ.

ಗಾಯ ಪೂರ್ತಿ ಮಾಗಿದ್ದು ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್ ಮುಹೂರ್ತಕ್ಕೆ ಎರಡು ದಿನ ಮೊದಲು. ಹಬ್ಬಕ್ಕೆ ಪಕ್ಕದ ಕೊಡವ ಮನೆಯವರು ಕರೆದಿದ್ದರು. ಅಕ್ಕಿತರಿಯ ಉಂಡೆ ಕಡಂಬಿಟ್ಟು, ಸಕ್ಕರೆ ನೆನೆದು ಎರಡಕ್ಕೆ ನಿಲ್ಲಿಸಿದೆ.

ಅಕ್ಟೋಬರಿನಲ್ಲಿ ಒಮ್ಮೆ ಮತ್ತೆ ಆ ಮೆಟ್ಟಿಲು ಹತ್ತಿದೆ, ಈ ಸಲ ಇನ್ನೊಬ್ಬನಿಗಾಗಿ. ತೋಟದ ಆಳುಗಳಿರುವ ನಮ್ಮ ಲೈನ್ ಮನೆಯಲ್ಲಿ ಅಸ್ಸಾಮಿನಿಂದ ಬಂದ ಹುಡುಗನೊಬ್ಬ ಇದ್ದಾನೆ, ಇಪ್ಪತ್ತು ದಾಟಿರಲಾರದು. ಮೂರು ದಿನ ಕೆಲಸಕ್ಕೆ ಬರಲಿಲ್ಲ. ಹೋಗಿ ನೋಡಿದರೆ ತೊಡೆಯಲ್ಲಿ ಕುರು, ಕೈಯಲ್ಲಿ ಹೊಸ ಬ್ಲೇಡು, ಒಲೆಯ ಬೆಂಕಿಯಲ್ಲಿ ಕಾಯಿಸುತ್ತಿದ್ದಾನೆ. ಬ್ಲೇಡು ಕಿತ್ತುಕೊಂಡು ಜೀಪಿನಲ್ಲಿ ಕೂರಿಸಿಕೊಂಡು ಹೋದೆ. ಇವನಿಗೂ ಕೊಯ್ಯುತ್ತಾರೆಂದೇ ಅಂದುಕೊಂಡು ಹಣ ಹೊಂದಿಸಿದ್ದೆ. ಡಾಕ್ಟರು ಎರಡು ಬೆರಳಿಟ್ಟು ನೋಡಿ, ಇನ್ನೂ ಗಟ್ಟಿ, ಸಣ್ಣದು, ಜ್ವರವಿಲ್ಲ, ಸಕ್ಕರೆ ಸರಿಯಿದೆ, ಕೊಯ್ಯುವುದೂ ಬೇಡ ಮಾತ್ರೆಯೂ ಬೇಡ ಎಂದರು. ಸಿಸ್ಟರ್ ಅವನಿಗೆ ಬಿಸಿನೀರಿನ ಬಟ್ಟೆ ಇಡುವುದನ್ನು ಹಿಂದಿಯಲ್ಲಿ ಹೇಳಿಕೊಟ್ಟರು, ಒಮ್ಮೆ ಇಟ್ಟು ತೋರಿಸಿದರು, ಅವನ ಕೈಯಿಂದಲೇ ಒಮ್ಮೆ ಇಡಿಸಿದರು. ಎರಡು ದಿನ ಬಿಟ್ಟು ಬಾ ಎಂದರು. ಎರಡನೆಯ ರಾತ್ರಿ ಶಾಖ ಕೊಡುವಾಗ ಅದು ತಾನಾಗಿಯೇ ಒಡೆಯಿತು. ಮರುದಿನ ತೊಳೆದು ಪಟ್ಟಿ ಹಾಕಿದ್ದಕ್ಕೆ ಹಣ ತೆಗೆದುಕೊಳ್ಳಲಿಲ್ಲ, ಎಲ್ಲ ಸೇರಿ 200 ರೂಪಾಯಿಯಲ್ಲಿ ಮುಗಿಯಿತು. ಬರುವ ದಾರಿಯಲ್ಲಿ ಅವನು ಜೀಪು ನಿಲ್ಲಿಸಲು ಹೇಳಿ ಅಂಗಡಿಗೆ ಹೋಗಿ ಬಂದ.

ಸೋಮವಾರ ಬೆಳಿಗ್ಗೆ ಚೆಕ್‌ರೋಲಿಗೆ ಹೆಸರು ಕೂಗಿದಾಗ ಅವನು ಬಂದು ನಿಂತ. ಹೆಗಲ ಮೇಲೆ ಹೊಸ ಟವೆಲು, ಅಂಚಿನಲ್ಲಿ ಕೆಂಪು ದಾರದ ನಾಲ್ಕು ಹೊಲಿಗೆ.